ಹೋಗು ಅಂದರೂ ಹೋಗದ ಫೈಲ್: ಯಾರು ಹಿಡಿದಿದ್ದಾರೆ ಅಂತ ಮೊದಲು ನೋಡಿ

ಭಾವನ ಫೋನ್ ಬಂದಾಗ ರಾತ್ರಿ ಹತ್ತೂವರೆ. "ಒಂದು ವಿಡಿಯೋ ಡಿಲೀಟ್ ಆಗ್ತಾನೇ ಇಲ್ಲ ಕಣೋ. ನಾಲ್ಕು ಸಲ ಆಫ್ ಮಾಡಿ ಆನ್ ಮಾಡ್ದೆ. ವೈರಸ್ಸೇ ಇರ್ಬೇಕು."

"ಸ್ಕ್ರೀನ್ ಮೇಲೆ ಏನು ಬರುತ್ತೆ ಭಾವ? ಸ್ವಲ್ಪ ಓದಿ."

"ಏನೋ ಬರುತ್ತಪ್ಪ. ನಾನು ಕ್ಯಾನ್ಸಲ್ ಒತ್ತಿಬಿಡ್ತೀನಿ."

ವೈರಸ್ ಏನೂ ಇರಲಿಲ್ಲ. ಅದು ನಾಮಕರಣದ ವಿಡಿಯೋ, ಎರಡು ಸಲ ಕಾಪಿ ಆಗಿತ್ತು. ಭಾವ ಫೋಲ್ಡರ್ ತೆರೆದು ಫೈಲ್ ಮೇಲೆ ಒಂದು ಕ್ಲಿಕ್ ಮಾಡುತ್ತಿದ್ದರು. ಆ ಕ್ಷಣಕ್ಕೆ ಬಲಗಡೆಯ ಪ್ರಿವ್ಯೂ ಪೇನ್ ವಿಡಿಯೋವನ್ನು ತೆರೆದು ಹಿಡಿದುಕೊಳ್ಳುತ್ತಿತ್ತು. ಆಮೇಲೆ ಡಿಲೀಟ್ ಒತ್ತಿದರೆ ವಿಂಡೋಸ್ ಬಿಡುತ್ತಿರಲಿಲ್ಲ. ನಾಲ್ಕು ಸಲ ಆಫ್ ಮಾಡಿದರೂ ನಾಲ್ಕು ಸಲವೂ ಅದೇ ಕ್ಲಿಕ್, ಅದೇ ಹಿಡಿತ. ಆ ಪೇನ್ ಮುಚ್ಚಿಸಿದೆ. ಫೈಲ್ ಹೋಯಿತು.

ಹಟ ಮಾಡುವ ಫೈಲ್‌ಗಳ ಕಥೆ ಬಹುಪಾಲು ಇಷ್ಟೇ. ಫೈಲ್‌ನಲ್ಲಿ ದೋಷ ಇರುವುದಿಲ್ಲ, ಅದನ್ನು ಯಾರೋ ಹಿಡಿದಿರುತ್ತಾರೆ. ಇಲ್ಲವೇ ಅದರ ಮೇಲೆ ನಿಮಗೆ ಹಕ್ಕಿರುವುದಿಲ್ಲ, ಅಥವಾ ಅದರ ಹೆಸರೇ ವಿಂಡೋಸ್‌ಗೆ ಓದಲು ಬರುವುದಿಲ್ಲ. ಮೂರರಲ್ಲಿ ಯಾವುದು ಅಂತ ಹೇಳುವುದು ಆ ಚಿಕ್ಕ ಸಂದೇಶ. ಹಾಗಾಗಿ ಕ್ಯಾನ್ಸಲ್ ಒತ್ತುವ ಮೊದಲು ಫೋನಿನಲ್ಲಿ ಅದರ ಒಂದು ಫೋಟೋ ತೆಗೆದುಕೊಳ್ಳಿ. ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11 ಇರುವವರಿಗೆ.

## ಕೈ ಹಾಕುವ ಮೊದಲು

ಆ ಫೈಲ್ ನಿಮ್ಮದೇನಾ? ನೀವು ಮಾಡಿದ್ದು, ಡೌನ್‌ಲೋಡ್ ಮಾಡಿದ್ದು, ಕಾಪಿ ಮಾಡಿಕೊಂಡಿದ್ದು ಆದರೆ ಸರಿ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗಿನದಾದರೆ ಅಲ್ಲೇ ನಿಲ್ಲಿ. ಪ್ರೋಗ್ರಾಂ ಫೈಲ್ಸ್ ಒಳಗಿನ ಫೋಲ್ಡರ್ ಆದರೆ ಅದನ್ನು ಡಿಲೀಟ್ ಮಾಡುವುದಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ಆ ಸಾಫ್ಟ್‌ವೇರನ್ನು ಅನ್‌ಇನ್‌ಸ್ಟಾಲ್ ಮಾಡಬೇಕು. ಆಂಟಿವೈರಸ್ ಫೋಲ್ಡರ್ ಹೋಗುತ್ತಿಲ್ಲ ಅಂತ ತುಂಬ ಜನ ಕೇಳುತ್ತಾರೆ. ಹೋಗಬಾರದು ಅಂತಲೇ ಅದನ್ನು ಮಾಡಿರುವುದು. ಹೋಗುವ ಹಾಗಿದ್ದರೆ ವೈರಸ್ ಬಂದು ಮೊದಲು ಅದನ್ನೇ ಅಳಿಸಿಬಿಡುತ್ತಿತ್ತು, ಅಲ್ವಾ? ಅದಕ್ಕೆ ಆಯಾ ಕಂಪನಿಯೇ ತೆಗೆಯುವ ಸಾಧನ ಕೊಟ್ಟಿರುತ್ತದೆ.

ಇನ್ನೊಂದು ಮಾತು. ಶಿಫ್ಟ್ ಜೊತೆ ಡಿಲೀಟ್ ಒತ್ತಿದರೆ ಫೈಲ್ ರೀಸೈಕಲ್ ಬಿನ್‌ಗೆ ಹೋಗದೆ ನೇರ ಹೋಗಿಬಿಡುತ್ತದೆ. ಪೆನ್ ಡ್ರೈವ್‌ನಿಂದ, ನೆಟ್‌ವರ್ಕ್ ಫೋಲ್ಡರ್‌ನಿಂದ ಅಳಿಸಿದ್ದೂ ಅಷ್ಟೇ, ಬಿನ್‌ನಲ್ಲಿ ಸಿಗುವುದಿಲ್ಲ. ಕೋಪದಲ್ಲಿ ಡಿಲೀಟ್ ಕುಟ್ಟುವ ಅಭ್ಯಾಸ ಇದ್ದವರು ಇದನ್ನು ನೆನಪಿಟ್ಟುಕೊಳ್ಳಿ. ಅಕ್ಕಪಕ್ಕದ ಬೇಕಾದ ಫೈಲ್‌ಗಳನ್ನು ಮೊದಲೇ ಬೇರೆ ಕಡೆ ಕಾಪಿ ಮಾಡಿಡಿ.

"ಯಾವ ಫೈಲನ್ನಾದರೂ ಬಲವಂತವಾಗಿ ಅಳಿಸುತ್ತೇವೆ" ಅನ್ನುವ ಉಚಿತ ಸಾಫ್ಟ್‌ವೇರ್ ಹುಡುಕಲು ಹೊರಡಬೇಡಿ. ಇಂಥವುಗಳಲ್ಲಿ ಕೆಲವು ಬರುವಾಗ ಇನ್ನೂ ನಾಲ್ಕು ಬೇಡದ್ದನ್ನು ಜೊತೆಗೆ ತರುತ್ತವೆ. ಕೆಳಗಿನ ಕೆಲಸಕ್ಕೆಲ್ಲ ವಿಂಡೋಸ್‌ನಲ್ಲೇ ಇರುವುದು, ಇಲ್ಲವೇ ಮೈಕ್ರೋಸಾಫ್ಟ್ ತಾನೇ ಉಚಿತವಾಗಿ ಕೊಡುವುದು ಸಾಕು. ಒಂದು ಕಡೆ ಮಾತ್ರ 7-ಜಿಪ್ ಅನ್ನುವ, ಫೈಲ್ ಕುಗ್ಗಿಸುವ ಉಚಿತ ಸಾಫ್ಟ್‌ವೇರ್ ಬೇಕಾಗಬಹುದು.

## "ಫೈಲ್ ಇನ್ ಯೂಸ್": ಬೇರೆ ಪ್ರೋಗ್ರಾಂನಲ್ಲಿ ತೆರೆದಿದೆ

ಅತಿ ಹೆಚ್ಚು ಕಾಣುವುದು ಇದೇ. ಅಂಕಿಯಲ್ಲಿ ಬಂದರೆ ಕೊನೆಯಲ್ಲಿ 80070020 ಇರುತ್ತದೆ.

ವಿಂಡೋಸ್‌ನ ರೀತಿ ಮನೆ ಮಾಲೀಕನ ರೀತಿ. ಒಳಗೆ ಬಾಡಿಗೆದಾರ ಇರುವಾಗ, ಅವನು ಒಪ್ಪದೆ ಮನೆ ಕೆಡವಲು ಬಿಡುವುದಿಲ್ಲ. ಫೈಲ್ ತೆರೆಯುವ ಪ್ರೋಗ್ರಾಂ "ನಾನಿರುವಾಗ ಬೇರೆಯವರು ಅಳಿಸಬಹುದು" ಅಂತ ಮೊದಲೇ ಹೇಳಿದ್ದರೆ ಮಾತ್ರ ದಾರಿ ಇದೆ. ಹೆಚ್ಚಿನವು ಹೇಳುವುದಿಲ್ಲ. ಲಿನಕ್ಸ್ ಲೆಕ್ಕ ಬೇರೆ. ಅಲ್ಲಿ ಬಾಗಿಲ ಮೇಲಿನ ಹೆಸರನ್ನು ಕೂಡಲೇ ಕಿತ್ತುಹಾಕುತ್ತಾರೆ, ಕೊನೆಯವನು ಹೊರಬಿದ್ದ ಮೇಲೆ ಮನೆ ತಾನಾಗೇ ಹೋಗುತ್ತದೆ. ಹಾಗಾಗಿ ಲಿನಕ್ಸ್ ಬಳಸುವವರಿಗೆ ಈ ಗೋಳು ಕಡಿಮೆ.

ಮೊದಲ ನೋಟ: ಸಂದೇಶದಲ್ಲೇ ಪ್ರೋಗ್ರಾಂ ಹೆಸರು ಇದೆಯಾ? ವರ್ಡ್, ಎಕ್ಸೆಲ್, ವಿಎಲ್‌ಸಿ ಹೀಗೆ ಯಾವುದಾದರೂ ಇದ್ದರೆ ಅದನ್ನು ಮುಚ್ಚಿ. ಮುಚ್ಚಿದ್ದೇನೆ, ಆದರೂ ಅದೇ ಹೇಳುತ್ತಿದೆ ಅಂದರೆ ಕಿಟಕಿ ಮಾತ್ರ ಮುಚ್ಚಿದೆ, ಪ್ರೋಗ್ರಾಂ ಹಿಂದೆ ಓಡುತ್ತಲೇ ಇದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿ ಆ ಹೆಸರು ಹುಡುಕಿ ಎಂಡ್ ಟಾಸ್ಕ್ ಕೊಡಿ. ಆದರೆ ಸೇವ್ ಮಾಡದ ಕೆಲಸ ಅದರಲ್ಲಿ ಇದ್ದರೆ ಹೋಗುತ್ತದೆ, ನೋಡಿಕೊಳ್ಳಿ. ವರ್ಡ್ ಕಡತ ತೆರೆದಾಗ ಅದೇ ಫೋಲ್ಡರ್‌ನಲ್ಲಿ ~$ ಗುರುತಿನಿಂದ ಶುರುವಾಗುವ ಒಂದು ಅಡಗಿದ ಫೈಲ್ ಹುಟ್ಟುತ್ತದೆ. ವರ್ಡ್ ಸರಿಯಾಗಿ ಮುಚ್ಚಿದರೆ ಅದೂ ಹೋಗುತ್ತದೆ. ವರ್ಡ್ ಮಧ್ಯದಲ್ಲಿ ಸತ್ತಿದ್ದರೆ ಉಳಿದುಬಿಡುತ್ತದೆ. ಆಗ ಆ ಪುಟ್ಟ ಫೈಲನ್ನು ಅಳಿಸಿದರೆ ತೊಂದರೆ ಇಲ್ಲ.

ಸಂದೇಶದಲ್ಲಿ "ವಿಂಡೋಸ್ ಎಕ್ಸ್‌ಪ್ಲೋರರ್" ಅಥವಾ "ಕಾಮ್ ಸರೊಗೇಟ್" ಅಂತ ಬಂದರೆ ಗಾಬರಿ ಬೇಡ. ಅದು ಭಾವನ ಕೇಸು. ಎಕ್ಸ್‌ಪ್ಲೋರರ್ ಅಂದರೆ ನೀವು ಫೈಲ್ ನೋಡುತ್ತಿರುವ ಕಿಟಕಿಯೇ. ಫೋಟೋ, ವಿಡಿಯೋಗಳ ಪುಟ್ಟ ಚಿತ್ರ ತೆಗೆಯಲು ಅದು ಕಾಮ್ ಸರೊಗೇಟ್ ಅನ್ನುವ ಸಹಾಯಕನನ್ನು ಇಟ್ಟುಕೊಂಡಿದೆ. ಆಲ್ಟ್ ಜೊತೆ ಪಿ ಒತ್ತಿ ಪ್ರಿವ್ಯೂ ಪೇನ್ ಮುಚ್ಚಿ. ವ್ಯೂ ಒಳಗೆ ಡೀಟೇಲ್ಸ್ ಆರಿಸಿ, ದೊಡ್ಡ ಐಕಾನ್ ಬೇಡ. ಒಂದು ನಿಮಿಷ ಬಿಡಿ. ಆಮೇಲೂ ಆಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಮೇಲೆ ಬಲ ಕ್ಲಿಕ್ ಮಾಡಿ ರೀಸ್ಟಾರ್ಟ್ ಕೊಡಿ. ಸ್ಕ್ರೀನ್ ಒಮ್ಮೆ ಖಾಲಿಯಾಗಿ ಮತ್ತೆ ಬರುತ್ತದೆ, ಅದು ಸಹಜ. ಅರ್ಧ ಇಳಿದ ವಿಡಿಯೋ, ಕೆಟ್ಟ ವಿಡಿಯೋಗಳು ಈ ರೀತಿ ಜಾಸ್ತಿ ಕಾಡುತ್ತವೆ, ಯಾಕೆಂದರೆ ಪುಟ್ಟ ಚಿತ್ರ ತೆಗೆಯಲು ಹೋದ ಸಹಾಯಕ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ.

ಫೈಲ್ ಅಲ್ಲ, ಇಡೀ ಫೋಲ್ಡರ್ ಹೋಗುತ್ತಿಲ್ಲ ಅಂದರೆ "ಫೋಲ್ಡರ್ ಇನ್ ಯೂಸ್" ಅಂತ ಬರುತ್ತದೆ. ಆ ಫೋಲ್ಡರ್ ಇನ್ನೊಂದು ಕಿಟಕಿಯಲ್ಲಿ ತೆರೆದಿದೆಯಾ? ಕಮಾಂಡ್ ಪ್ರಾಂಪ್ಟ್ (ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ) ಅದರೊಳಗೆ ನಿಂತಿದೆಯಾ? ಒನ್‌ಡ್ರೈವ್, ಗೂಗಲ್ ಡ್ರೈವ್ ಇನ್ನೂ ಮೇಲಕ್ಕೆ ಕಳಿಸುತ್ತಿವೆಯಾ? ಗಡಿಯಾರದ ಪಕ್ಕದ ಮೋಡದ ಗುರುತು ಒತ್ತಿ ಸಿಂಕ್ ನಿಲ್ಲಿಸಿ ನೋಡಿ. ಒಳಗಿನದ್ದನ್ನು ಒಂದೊಂದಾಗಿ ಅಳಿಸುತ್ತ ಹೋದರೆ ಹಟ ಮಾಡುವುದು ಯಾವುದು ಅಂತ ಗೊತ್ತಾಗುತ್ತದೆ.

ಇಷ್ಟಾದ ಮೇಲೂ ಆಗದಿದ್ದರೆ ರೀಸ್ಟಾರ್ಟ್. ಗಮನಿಸಿ, ಶಟ್ ಡೌನ್ ಅಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಫಾಸ್ಟ್ ಸ್ಟಾರ್ಟಪ್ ಅನ್ನುವ ಏರ್ಪಾಡು ಇದೆ. ಅದು ಆನ್ ಇದ್ದರೆ ಶಟ್ ಡೌನ್ ಕೊಟ್ಟಾಗ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ಆದರೆ ವಿಂಡೋಸ್‌ನ ಒಳಭಾಗ ಡಿಸ್ಕಿನಲ್ಲಿ ಮಲಗಿ, ಆನ್ ಮಾಡಿದಾಗ ಮಲಗಿದ್ದಲ್ಲಿಂದಲೇ ಏಳುತ್ತದೆ. ಹಿಡಿದಿದ್ದವನು ಆ ಒಳಭಾಗದಲ್ಲಿದ್ದರೆ ಹಿಡಿತವೂ ಹಾಗೇ ಇರುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲವೂ ಹೊಸದಾಗಿ ಶುರು. ಮತ್ತೆ ಆನ್ ಆದ ಮೇಲೆ ಬೇರೇನೂ ತೆರೆಯದೆ ಮೊದಲು ಅಳಿಸುವ ಕೆಲಸ ಮಾಡಿ.

### ಹಿಡಿದವನ ಹೆಸರು ಗೊತ್ತಿಲ್ಲದಾಗ

"ಬೇರೆ ಪ್ರೋಗ್ರಾಂ" ಅಂತ ಮಾತ್ರ ಹೇಳಿ, ಯಾವುದು ಅಂತ ಹೇಳದಿದ್ದರೆ ನಾವೇ ಹುಡುಕಬೇಕು. ಸ್ಟಾರ್ಟ್ ಒತ್ತಿ ರಿಸೋರ್ಸ್ ಮಾನಿಟರ್ ಅಂತ ಟೈಪ್ ಮಾಡಿ ತೆರೆಯಿರಿ. ಸಿಪಿಯು ಟ್ಯಾಬ್‌ಗೆ ಹೋಗಿ. ಕೆಳಗೆ ಅಸೋಸಿಯೇಟೆಡ್ ಹ್ಯಾಂಡಲ್ಸ್ ಅಂತ ಇದೆ (ಹ್ಯಾಂಡಲ್ ಅಂದರೆ ಫೈಲ್ ಮೇಲಿನ ಹಿಡಿತ), ಅದರ ಪಕ್ಕದ ಹುಡುಕುವ ಜಾಗದಲ್ಲಿ ಫೈಲ್ ಹೆಸರಿನ ಒಂದು ತುಂಡು ಟೈಪ್ ಮಾಡಿ. ಸ್ವಲ್ಪ ಹೊತ್ತಿಗೆ ಹಿಡಿದಿರುವ ಪ್ರೋಗ್ರಾಂ ಪಟ್ಟಿಯಲ್ಲಿ ಕಾಣುತ್ತದೆ. ಇದಕ್ಕೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಆದರೂ ಗೊತ್ತಿರುವವರು ಕಡಿಮೆ.

ಇದಕ್ಕಿಂತ ಸುಲಭ ಬೇಕು ಅಂದರೆ ಮೈಕ್ರೋಸಾಫ್ಟ್‌ನ ಉಚಿತ ಪವರ್‌ಟಾಯ್ಸ್. ಅದರಲ್ಲಿ 2022ರಿಂದ ಫೈಲ್ ಲಾಕ್‌ಸ್ಮಿತ್ ಅನ್ನುವುದು ಇದೆ. ಫೈಲ್ ಮೇಲೆ ಬಲ ಕ್ಲಿಕ್ ಮಾಡಿ ಅದನ್ನು ಆರಿಸಿದರೆ ಹಿಡಿದವರ ಪಟ್ಟಿ ಮುಂದೆ ಬಂದು ನಿಲ್ಲುತ್ತದೆ. ಹಳಬರು ಇನ್ನೂ ಸಿಸ್‌ಇಂಟರ್ನಲ್ಸ್‌ನ ಪ್ರೋಸೆಸ್ ಎಕ್ಸ್‌ಪ್ಲೋರರ್ ಬಳಸುತ್ತಾರೆ, ನಾನೂ ಆ ಗುಂಪಿನವನೇ. ಮಾರ್ಕ್ ರಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ್ದ ಸಿಸ್‌ಇಂಟರ್ನಲ್ಸ್ ಅನ್ನು 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಪ್ರೋಸೆಸ್ ಎಕ್ಸ್‌ಪ್ಲೋರರ್‌ನಲ್ಲಿ ಕಂಟ್ರೋಲ್ ಜೊತೆ ಎಫ್ ಒತ್ತಿ ಹೆಸರು ಕೊಟ್ಟರೆ ಸಾಕು. ಅಲ್ಲಿ ಕ್ಲೋಸ್ ಹ್ಯಾಂಡಲ್ ಅನ್ನುವ ಆಯ್ಕೆಯೂ ಕಾಣುತ್ತದೆ. ಅದನ್ನು ಮುಟ್ಟಬೇಡಿ. ಪ್ರೋಗ್ರಾಂಗೆ ಹೇಳದೆ ಕೆಳಗಿನ ಚಾಪೆ ಎಳೆದ ಹಾಗೆ ಅದು, ಬೇರೆ ಫೈಲ್ ಕೆಡಬಹುದು. ಪ್ರೋಗ್ರಾಂ ಅನ್ನೇ ಮುಚ್ಚುವುದು ಮೇಲು.

ಪಟ್ಟಿಯಲ್ಲಿ "ಸಿಸ್ಟಮ್" ಅಂತ ಬಂದರೆ? ಆಫೀಸಿನ ಹಂಚಿಕೊಂಡ ಫೋಲ್ಡರ್ ಆಗಿದ್ದರೆ ಪಕ್ಕದ ಮೇಜಿನವರು ತಮ್ಮ ಕಂಪ್ಯೂಟರಿನಿಂದ ಆ ಫೈಲ್ ತೆರೆದಿರಬಹುದು. ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು, ಶೇರ್ಡ್ ಫೋಲ್ಡರ್ಸ್ ಒಳಗೆ ಓಪನ್ ಫೈಲ್ಸ್ ನೋಡಿದರೆ ಯಾರು ಅಂತ ಗೊತ್ತಾಗುತ್ತದೆ. ಅಥವಾ ಸುಮ್ನೆ ಎದ್ದು ಹೋಗಿ ಕೇಳಿ. "ಸಿಸ್ಟಮ್" ಆಗಲಿ "ಸರ್ವಿಸ್ ಹೋಸ್ಟ್" ಆಗಲಿ, ಎಂಡ್ ಟಾಸ್ಕ್ ಕೊಡುವ ಸಾಹಸ ಬೇಡ. ಕಂಪ್ಯೂಟರೇ ಬಿದ್ದುಹೋಗಬಹುದು.

ಕೊನೆಗೆ ಸೇಫ್ ಮೋಡ್. ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಆಮೇಲೆ ಬರುವ ಪಟ್ಟಿಯಲ್ಲಿ 4 ಒತ್ತಿ. ಇಲ್ಲಿ ಬೇಕೇಬೇಕಾದ್ದು ಮಾತ್ರ ಓಡುತ್ತದೆ, ಹಿಡಿಯುವವರು ಕಡಿಮೆ. ಫೈಲ್ ಅಳಿಸಿ ಮಾಮೂಲಿಯಾಗಿ ರೀಸ್ಟಾರ್ಟ್ ಮಾಡಿ. ಎಚ್ಚರಿಕೆ ಒಂದಿದೆ. ಲ್ಯಾಪ್‌ಟಾಪ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಈ ದಾರಿಯಲ್ಲಿ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯಾ ಅಂತ ಮೊದಲು ನೋಡಿ ಬರೆದಿಟ್ಟುಕೊಳ್ಳಿ. ಕೀ ಸಿಗದಿದ್ದರೆ ಸೇಫ್ ಮೋಡ್‌ಗೆ ಹೋಗಬೇಡಿ. ಒಂದು ಫೈಲ್ ಅಳಿಸಲು ಹೋಗಿ ಎಲ್ಲ ಫೈಲ್‌ಗಳ ಬಾಗಿಲು ಹಾಕಿಸಿಕೊಂಡ ಹಾಗಾದೀತು.

## "ಆಕ್ಸೆಸ್ ಡಿನೈಡ್": ನಿಮಗೆ ಅನುಮತಿ ಇಲ್ಲ

ಅಂಕಿ 80070005. ಇಲ್ಲಿ ಯಾರ ಅನುಮತಿ ಬೇಕು ಅಂತ ಬರೆದಿರುತ್ತದೆ, ಅದನ್ನೇ ಓದಬೇಕು.

ನಿಮ್ಮದೇ ಹೆಸರು ಇದೆಯಾ? ನನ್ನ ಫೈಲ್ ಅಳಿಸಲು ನನ್ನ ಅನುಮತಿಯೇ ಬೇಕಂತೆ ಅಂತ ನಗು ಬರುತ್ತದೆ. ಒಂದು ಕಾರಣ ಹೀಗಿರಬಹುದು: ಫೈಲ್ ಆಗಲೇ ಅಳಿಸುವ ಸಾಲಿನಲ್ಲಿ ನಿಂತಿದೆ, ಹಿಡಿದಿರುವ ಯಾವುದೋ ಪ್ರೋಗ್ರಾಂ ಬಿಟ್ಟ ಕೂಡಲೇ ಹೋಗುತ್ತದೆ. ಅಲ್ಲಿಯವರೆಗೆ ಹೆಸರು ಕಾಣುತ್ತದೆ, ಮುಟ್ಟಲು ಹೋದರೆ ಅನುಮತಿ ಇಲ್ಲ ಅನ್ನುತ್ತದೆ. ರೀಸ್ಟಾರ್ಟ್ ಮಾಡಿದರೆ ತಾನೇ ಮಾಯ.

ಹೆಸರಿನ ಬದಲು ಎಸ್-1-5-21 ಅಂತ ಶುರುವಾಗುವ ಉದ್ದನೆಯ ಅಂಕಿ ಇದ್ದರೆ ಅದು ಈಗ ಇಲ್ಲದ ಮಾಲೀಕ. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ತಂದು ಹಾಕಿದಾಗ, ವಿಂಡೋಸ್ ಹೊಸದಾಗಿ ಹಾಕಿಸಿದಾಗ ಇದು ಬರುತ್ತದೆ. ಆ ಅಂಕಿ ಹಳೆಯ ವಿಂಡೋಸ್‌ನಲ್ಲಿದ್ದ ನಿಮ್ಮದೇ ಖಾತೆ ಇರಬಹುದು. ಹೆಸರು ಒಂದೇ ಆದರೂ ಹೊಸ ವಿಂಡೋಸ್‌ಗೆ ನೀವು ಬೇರೆ ಮನುಷ್ಯ. ಇಲ್ಲಿ ಮಾಲೀಕತ್ವ ಬದಲಿಸುವುದು ಸರಿಯಾದ ದಾರಿ. ಫೋಲ್ಡರ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್ಡ್. ಮೇಲೆ ಓನರ್ ಅಂತ ಇರುವ ಕಡೆ ಚೇಂಜ್ ಒತ್ತಿ ನಿಮ್ಮ ಖಾತೆ ಹೆಸರು ಬರೆದು ಚೆಕ್ ನೇಮ್ಸ್, ಓಕೆ. ಒಳಗಿನ ಎಲ್ಲದಕ್ಕೂ ಓನರ್ ಬದಲಿಸುವ ಚೌಕಕ್ಕೆ ಗುರುತು ಹಾಕಿ. ಕಿಟಕಿಗಳನ್ನೆಲ್ಲ ಮುಚ್ಚಿ ಮತ್ತೆ ತೆರೆದು, ನಿಮ್ಮ ಹೆಸರಿಗೆ ಫುಲ್ ಕಂಟ್ರೋಲ್ ಕೊಡಿ. ಸಾವಿರಾರು ಫೈಲ್ ಇದ್ದರೆ ಸಮಯ ಹಿಡಿಯುತ್ತದೆ. ಕಾಫಿ ಮಾಡಿಕೊಂಡು ಬನ್ನಿ.

"ಟ್ರಸ್ಟೆಡ್‌ಇನ್‌ಸ್ಟಾಲರ್" ಅಂತ ಇದ್ದರೆ ಅದು ವಿಂಡೋಸ್‌ನದೇ ಫೈಲ್. ಇಲ್ಲಿ ಮೇಲಿನ ಉಪಾಯ ಮಾಡಬಾರದು. ಕಲಿಯುವ ದಿನಗಳಲ್ಲಿ ನಾನು ಮಾಡಿದ್ದೆ. ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಜಾಗ ಮಾಡಲು ವಿಂಡೋಸ್ ಫೋಲ್ಡರ್ ಒಳಗಿನ ವಿನ್‌ಎಸ್‌ಎಕ್ಸ್‌ಎಸ್ ದೊಡ್ಡದಾಗಿ ಕಂಡಿತು. ಮಾಲೀಕತ್ವ ತೆಗೆದುಕೊಂಡು ಒಂದಷ್ಟು ಅಳಿಸಿದೆ. ಅಂದು ಎಲ್ಲ ಚೆನ್ನಾಗಿತ್ತು. ತಿಂಗಳ ಮೇಲೆ ಅಪ್‌ಡೇಟ್ ಬರುವುದು ನಿಂತಿತು, ಪ್ರಿಂಟರ್ ಹಾಕಲು ಆಗಲಿಲ್ಲ. ಕೊನೆಗೆ ಇಡೀ ವಿಂಡೋಸ್ ಮತ್ತೆ ಹಾಕಬೇಕಾಯಿತು. ತಮ್ಮ ಈಗಲೂ ಲ್ಯಾಪ್‌ಟಾಪ್ ನನ್ನ ಕೈಗೆ ಕೊಡುವಾಗ ಒಮ್ಮೆ ಮುಖ ನೋಡುತ್ತಾನೆ.

ಜಾಗಕ್ಕಾಗಿ ಅಂತಾದರೆ ಸರಿಯಾದ ಬಾಗಿಲು ಬೇರೆ ಇದೆ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್. ಹಠಮಾರಿ ವಿಂಡೋಸ್.ಓಲ್ಡ್ ಫೋಲ್ಡರ್ ಕೂಡ ಇಲ್ಲಿಂದ ಸಲೀಸಾಗಿ ಹೋಗುತ್ತದೆ. ಅದು ಹೋದ ಮೇಲೆ ಹಿಂದಿನ ವಿಂಡೋಸ್‌ಗೆ ಮರಳಲು ಆಗುವುದಿಲ್ಲ. ಅವಸರ ಇಲ್ಲದಿದ್ದರೆ ಸುಮ್ಮನಿರಿ, ಅಪ್‌ಡೇಟ್ ಆದ ಹತ್ತು ದಿನದ ಮೇಲೆ ವಿಂಡೋಸ್ ತಾನೇ ಅದನ್ನು ತೆಗೆಯುತ್ತದೆ.

ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಈ ಇಡೀ ಭಾಗ ನಿಮಗಲ್ಲ. ನಿಮ್ಮ ಐಟಿಯವರನ್ನು ಕೇಳಿ.

## "ಪಾತ್ ಟೂ ಲಾಂಗ್": ದಾರಿ ಉದ್ದವಾಯಿತು

ಇದು ಕನ್ನಡದಲ್ಲಿ ಫೈಲ್ ಹೆಸರಿಡುವವರು ಚೆನ್ನಾಗಿ ತಿಳಿದಿರಬೇಕಾದ್ದು.

ಡ್ರೈವ್ ಅಕ್ಷರದಿಂದ ಹಿಡಿದು ಫೋಲ್ಡರ್, ಅದರೊಳಗಿನ ಫೋಲ್ಡರ್, ಕೊನೆಗೆ ಫೈಲ್ ಹೆಸರು, ಇಷ್ಟೂ ಸೇರಿ ಹಳೆಯ ಲೆಕ್ಕದಲ್ಲಿ 260 ಅಕ್ಷರ ಮೀರಬಾರದು. ಕೊನೆಗೆ ಕಣ್ಣಿಗೆ ಕಾಣದ ಒಂದು ಗುರುತೂ ಅದರಲ್ಲೇ ಸೇರಿದೆ. 2016ರಲ್ಲಿ ವಿಂಡೋಸ್ 10ರ ಒಂದು ಅಪ್‌ಡೇಟ್ ಈ ಮಿತಿ ದಾಟಲು ಪ್ರೋಗ್ರಾಂಗಳಿಗೆ ಅವಕಾಶ ಕೊಟ್ಟಿತು. ಆದರೆ ನಾವು ದಿನವೂ ಬಳಸುವ ಫೈಲ್ ಎಕ್ಸ್‌ಪ್ಲೋರರ್ ಇನ್ನೂ ಹಳೆಯ ಲೆಕ್ಕದಲ್ಲೇ ತಡವರಿಸುತ್ತದೆ.

ಈಗ ಕನ್ನಡದ ವಿಷಯ. ಕಂಪ್ಯೂಟರ್ ಎಣಿಸುವುದು ನಾವು ಎಣಿಸುವ ಅಕ್ಷರಗಳನ್ನಲ್ಲ. "ಸ್ತ್ರೀ" ನಮಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಸ, ವಿರಾಮ (ಒತ್ತಕ್ಷರ ಜೋಡಿಸುವ ಗುರುತು), ತ, ವಿರಾಮ, ರ, ದೀರ್ಘದ ಗುರುತು, ಒಟ್ಟು ಆರು. "ರಾಷ್ಟ್ರ" ಎರಡು ಅಕ್ಷರ, ಎಣಿಕೆಯಲ್ಲಿ ಏಳು. ಹಾಗಾಗಿ ಕಣ್ಣಿಗೆ ಚಿಕ್ಕದಾಗಿ ಕಾಣುವ ಹೆಸರೂ ಮಿತಿಯನ್ನು ಬೇಗ ತಿನ್ನುತ್ತದೆ. ಸಂಘದ ವಾರ್ಷಿಕ ವರದಿಗಳನ್ನು ಪೂರಾ ಶೀರ್ಷಿಕೆಯಲ್ಲೇ ಹೆಸರಿಟ್ಟು, ಅದನ್ನು ವರ್ಷದ ಫೋಲ್ಡರ್‌ನಲ್ಲಿಟ್ಟು, ಅದನ್ನು ಇನ್ನೊಂದರೊಳಗೆ ಬ್ಯಾಕಪ್ ಮಾಡಿ, ಆ ಬ್ಯಾಕಪ್‌ನ ಬ್ಯಾಕಪ್ ಮಾಡಿದರೆ ನಾಲ್ಕನೇ ಸುತ್ತಿಗೆ ಗಂಟು ಬೀಳುವುದು ಖಂಡಿತ. ಲಿನಕ್ಸ್‌ನಲ್ಲಿ ಇನ್ನೊಂದು ರೀತಿ ಕಷ್ಟ. ಅಲ್ಲಿ ಸಾಮಾನ್ಯವಾಗಿ ಒಂದು ಹೆಸರಿಗೆ 255 ಬೈಟ್. ಕನ್ನಡದ ಪ್ರತಿ ಗುರುತಿಗೆ ಮೂರು ಬೈಟ್ ಬೇಕು. ಅಂದರೆ 85 ಗುರುತಿಗೆ ಮುಗಿಯಿತು.

ಪರಿಹಾರ ಸುಲಭ. ಒಳಗಿನ ಫೈಲನ್ನು ಬಿಡಿ, ಮೇಲಿನ ಫೋಲ್ಡರ್‌ಗಳ ಹೆಸರನ್ನು ಒಂದೊಂದಾಗಿ 1, 2, 3 ಅಂತ ಬದಲಿಸುತ್ತ ಬನ್ನಿ. ದಾರಿ ಚಿಕ್ಕದಾಗುತ್ತದೆ, ಡಿಲೀಟ್ ಕೆಲಸ ಮಾಡುತ್ತದೆ. ಅಥವಾ ಮಧ್ಯದ ಫೋಲ್ಡರ್ ಒಂದನ್ನು ಹಿಡಿದು ಡ್ರೈವ್‌ನ ಬುಡಕ್ಕೇ ತಂದು ಹಾಕಿ. ಶಿಫ್ಟ್ ಡಿಲೀಟ್ ಕೆಲವೊಮ್ಮೆ ಕೆಲಸ ಮಾಡುತ್ತದೆ. ಹತ್ತಾರು ಹಂತ ಆಳ ಇದ್ದರೆ 7-ಜಿಪ್ ಫೈಲ್ ಮ್ಯಾನೇಜರ್ ತೆರೆದು ಅದರೊಳಗಿಂದ ಶಿಫ್ಟ್ ಡಿಲೀಟ್ ಕೊಡಿ. ಅದಕ್ಕೆ ಉದ್ದದ ದಾರಿ ಅಭ್ಯಾಸ ಇದೆ.

ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಕಮಾಂಡ್ ಗೊತ್ತಿರುವವರು ಖಾಲಿ ಫೋಲ್ಡರ್ ಒಂದನ್ನು ತುಂಬಿದ ಫೋಲ್ಡರ್ ಮೇಲೆ ಮಿರರ್ ಮಾಡುವ, ಅಂದರೆ ಎರಡನೆಯದನ್ನೂ ಮೊದಲಿನದರ ಹಾಗೇ ಖಾಲಿ ಮಾಡುವ ಉಪಾಯ ಬಳಸುತ್ತಾರೆ. ಎಷ್ಟೇ ಆಳ ಇದ್ದರೂ ನಿಮಿಷದಲ್ಲಿ ಖಾಲಿ. ಆದರೆ ಎರಡನೇ ಜಾಗದಲ್ಲಿ ತಪ್ಪು ದಾರಿ ಬರೆದರೆ ಅಲ್ಲಿರುವುದೆಲ್ಲ ಹೋಗುತ್ತದೆ. ರೀಸೈಕಲ್ ಬಿನ್ ಇಲ್ಲ, "ಖಚಿತವೇ" ಅಂತ ಕೇಳುವುದೂ ಇಲ್ಲ. ಮೊದಲ ಸಲ ಮಾಡುವವರಿಗೆ ನಾನು ಹೇಳುವುದಿಲ್ಲ.

## "ಐಟಂ ನಾಟ್ ಫೌಂಡ್": ಕಣ್ಣ ಮುಂದೆ ಇದೆ, ಇಲ್ಲ ಅನ್ನುತ್ತದೆ

ಮೊದಲು ಎಫ್5 ಒತ್ತಿ. ಎಷ್ಟೋ ಸಲ ಫೈಲ್ ಆಗಲೇ ಹೋಗಿರುತ್ತದೆ, ಕಿಟಕಿ ಮಾತ್ರ ಹಳೆಯ ಚಿತ್ರ ತೋರಿಸುತ್ತಿರುತ್ತದೆ.

ಹೋಗದಿದ್ದರೆ ಹೆಸರಿನ ಕೊನೆ ನೋಡಿ. ಎಫ್2 ಒತ್ತಿ ಕರ್ಸರ್ ಕೊನೆಗೆ ಒಯ್ದರೆ ಒಂದು ಖಾಲಿ ಜಾಗವೋ ಚುಕ್ಕಿಯೋ ಸಿಗಬಹುದು. ವಿಂಡೋಸ್ ಹೆಸರಿನ ಕೊನೆಯ ಚುಕ್ಕಿ, ಖಾಲಿ ಜಾಗಗಳನ್ನು ಕತ್ತರಿಸಿ ಹುಡುಕುತ್ತದೆ. ಕತ್ತರಿಸಿದ ಹೆಸರಿನ ಫೈಲ್ ಅಲ್ಲಿ ಇರುವುದಿಲ್ಲ. ಮ್ಯಾಕ್, ಲಿನಕ್ಸ್‌ನಿಂದ ಬಂದ ಫೋಲ್ಡರ್‌ಗಳಲ್ಲಿ ಇದು ಕಾಣುತ್ತದೆ, ಅಲ್ಲಿ ಅಂಥ ಹೆಸರಿಗೆ ಅಡ್ಡಿ ಇಲ್ಲ.

ಇನ್ನೊಂದು ಕಾರಣ ವಿಂಡೋಸ್‌ಗೂ ಮೊದಲಿದ್ದ ಡಾಸ್ ಕಾಲದ್ದು. ಕಾನ್, ಪಿಆರ್‌ಎನ್, ಆಕ್ಸ್, ನಲ್, ಕಾಮ್1ರಿಂದ ಕಾಮ್9, ಎಲ್‌ಪಿಟಿ1ರಿಂದ ಎಲ್‌ಪಿಟಿ9 ಇವು ಕೀಬೋರ್ಡ್, ಪ್ರಿಂಟರ್‌ಗಳಂಥ ಸಾಧನಗಳಿಗೆ ಮೀಸಲಿಟ್ಟ ಹೆಸರುಗಳು. ಇಂಗ್ಲಿಷ್ ಅಕ್ಷರದಲ್ಲಿ ಕಾನ್ ಅಂತ ಒಂದು ಫೋಲ್ಡರ್ ಮಾಡಲು ಪ್ರಯತ್ನಿಸಿ, ಆಗುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಇದನ್ನು ಭೂತದ ಕಥೆ ಮಾಡಿ ಹೇಳುತ್ತಿದ್ದರು. ಭೂತ ಏನಿಲ್ಲ, ಹಳೆಯ ಪದ್ಧತಿ ಅಷ್ಟೇ.

ಎರಡಕ್ಕೂ ಮದ್ದು ಒಂದೇ. ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಅಳಿಸುವ ಡೆಲ್ (del) ಕಮಾಂಡ್ ಬರೆದು, ಖಾಲಿ ಜಾಗ ಬಿಟ್ಟು, ಉದ್ಧರಣ ಚಿಹ್ನೆಯೊಳಗೆ ಫೈಲ್‌ನ ಪೂರ್ತಿ ದಾರಿ ಬರೆಯಿರಿ. ದಾರಿಯ ಮುಂದೆ ಮಾತ್ರ ಈ ನಾಲ್ಕು ಗುರುತು ಸೇರಿಸಿ: \\?\ . "ಹೆಸರನ್ನು ತಿದ್ದಬೇಡ, ಬರೆದ ಹಾಗೇ ತಗೋ" ಅಂತ ವಿಂಡೋಸ್‌ಗೆ ಹೇಳಿದ ಹಾಗೆ. ಕೊನೆಯ ಖಾಲಿ ಜಾಗ, ಚುಕ್ಕಿ ಬಿಡದೆ ಬರೆಯಬೇಕು. ಫೋಲ್ಡರ್ ಆದರೆ ಡೆಲ್ ಬದಲು ಆರ್‌ಡಿ (rd). ಎಂಟರ್ ಒತ್ತುವ ಮೊದಲು ದಾರಿಯನ್ನು ಎರಡು ಸಲ ಓದಿ.

## ಅಳಿಸಿದೆ, ಮತ್ತೆ ಬಂದಿದೆ

ಮೊದಲು ಸಿಂಕ್ ನೋಡಿ. ಮನೆಯ ಇನ್ನೊಂದು ಕಂಪ್ಯೂಟರಿನಲ್ಲೋ ಫೋನಿನಲ್ಲೋ ಅದೇ ಖಾತೆ ಇದ್ದು ಸಿಂಕ್ ಅರ್ಧಕ್ಕೆ ನಿಂತಿದ್ದರೆ ಅಲ್ಲಿಂದ ಇಲ್ಲಿಗೆ ವಾಪಸ್ ಬರುತ್ತದೆ. ಬ್ರೌಸರ್‌ನಲ್ಲಿ ಆ ಡ್ರೈವ್ ತೆರೆದು ಅಲ್ಲೇ ಅಳಿಸಿ.

ಪೆನ್ ಡ್ರೈವ್‌ನಲ್ಲಿ ನಿಮ್ಮ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ, ಅಳಿಸಿದರೆ ಮತ್ತೆ ಹುಟ್ಟುತ್ತಿವೆ ಅಂದರೆ ಇದು ನಿಜವಾಗಿ ವೈರಸ್. ಜೆರಾಕ್ಸ್ ಅಂಗಡಿಗೆ ಪ್ರಿಂಟ್ ತೆಗೆಸಲು ಹೋಗಿ ಬಂದ ಪೆನ್ ಡ್ರೈವ್‌ಗಳಲ್ಲಿ ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಆ ಶಾರ್ಟ್‌ಕಟ್ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ, ಅದೇ ಅದಕ್ಕೆ ಬೇಕಾಗಿರುವುದು. ನಿಮ್ಮ ಫೈಲ್‌ಗಳು ಹೆಚ್ಚಾಗಿ ಹೋಗಿರುವುದಿಲ್ಲ, ಅಡಗಿಸಿಟ್ಟಿರುತ್ತದೆ. ಹಾಗಾಗಿ ಫಾರ್ಮ್ಯಾಟ್ ಮಾಡಲು ಆತುರ ಬೇಡ. ಪೆನ್ ಡ್ರೈವ್ ತೆಗೆದು, ಮೊದಲು ಕಂಪ್ಯೂಟರನ್ನು ಶುಚಿ ಮಾಡಿ. ವಿಂಡೋಸ್ ಸೆಕ್ಯೂರಿಟಿ, ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಸ್ಕ್ಯಾನ್ ಆಪ್ಷನ್ಸ್, ಅಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ಹುಡುಕುತ್ತದೆ. ಆಮೇಲೆ ಪೆನ್ ಡ್ರೈವ್ ಹಾಕಿ, ತೆರೆಯದೆ ಬಲ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿ. ವ್ಯೂ ಒಳಗೆ ಹಿಡನ್ ಐಟಮ್ಸ್ ಆನ್ ಮಾಡಿದರೆ ಫೈಲ್‌ಗಳು ಮಸುಕಾಗಿ ಕಾಣಬಹುದು. ಆಗಲೂ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಸಿಸ್ಟಮ್ ಫೈಲ್‌ಗಳನ್ನು ಮರೆಮಾಡುವ ಗುರುತು ತೆಗೆದು ನೋಡಿ. ಬೇಕಾದ್ದನ್ನು ಕಾಪಿ ಮಾಡಿಕೊಂಡು ಆಮೇಲೆ ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿ.

## "ರೈಟ್ ಪ್ರೊಟೆಕ್ಟೆಡ್"

ಮೆಮೊರಿ ಕಾರ್ಡ್ ಅಡಾಪ್ಟರ್ ಪಕ್ಕದಲ್ಲಿ ಪುಟ್ಟ ಗುಂಡಿ ಇರುತ್ತದೆ. ಅದು ಲಾಕ್ ಕಡೆಗೆ ಜಾರಿರಬಹುದು. ಗುಂಡಿ ಇಲ್ಲದ ಪೆನ್ ಡ್ರೈವ್ ಏಕಾಏಕಿ ಹೀಗೆ ಹೇಳಿದರೆ, ಬೇರೆ ಕಂಪ್ಯೂಟರಿನಲ್ಲೂ ಅದೇ ಹೇಳಿದರೆ, ಅದರ ಆಯಸ್ಸು ಮುಗಿದಿರಬಹುದು. ಸವೆದ ಪೆನ್ ಡ್ರೈವ್‌ಗಳು ಕೊನೆಯಲ್ಲಿ ಓದಲು ಮಾತ್ರ ಬಿಡುತ್ತವೆ. ಓದಲು ಬರುವಾಗಲೇ ಎಲ್ಲ ಕಾಪಿ ಮಾಡಿಕೊಳ್ಳಿ. ಸರಿಪಡಿಸಲು ದುಡ್ಡು ಹಾಕುವ ವಸ್ತು ಅಲ್ಲ.

## ಹೆಸರು ಕಲಸಿಹೋಗಿದೆ, ಅಥವಾ "ಕರಪ್ಟೆಡ್ ಆಂಡ್ ಅನ್‌ರೀಡಬಲ್"

ಫೈಲ್ ಹೆಸರು ಚಿತ್ರವಿಚಿತ್ರ ಗುರುತುಗಳಾಗಿದೆ, 8 ಜಿಬಿ ಪೆನ್ ಡ್ರೈವ್‌ನಲ್ಲಿ ಒಂದೇ ಫೈಲ್ 900 ಜಿಬಿ ಅಂತ ತೋರಿಸುತ್ತಿದೆ, ಅಥವಾ 80070570 ಅನ್ನುವ ಅಂಕಿ ಬರುತ್ತಿದೆ. ಇಲ್ಲಿ ಯಾರೂ ಹಿಡಿದಿಲ್ಲ. ಯಾವ ಫೈಲ್ ಎಲ್ಲಿದೆ ಅಂತ ಬರೆದಿಡುವ ಡಿಸ್ಕಿನ ಲೆಕ್ಕದ ಪುಸ್ತಕವೇ ಹರಿದಿದೆ. ಸೇಫ್ಲಿ ರಿಮೂವ್ ಕೊಡದೆ ಎಳೆದಿದ್ದು, ಕರೆಂಟ್ ಹೋಗಿದ್ದು ಮಾಮೂಲಿ ಕಾರಣ.

ಮೊದಲ ಕೆಲಸ ರಿಪೇರಿ ಅಲ್ಲ, ಕಾಪಿ. ಓದಲು ಬರುವುದನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದುಕೊಳ್ಳಿ. ಆಮೇಲೆ ಡ್ರೈವ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಟೂಲ್ಸ್, ಚೆಕ್. ಇದು ಚೆಕ್‌ಡಿಸ್ಕ್ ಓಡಿಸುತ್ತದೆ. ಚೆಕ್‌ಡಿಸ್ಕ್‌ಗೆ ಪುಸ್ತಕ ಸರಿಮಾಡುವುದು ಮುಖ್ಯ, ನಿಮ್ಮ ಫೋಟೋ ಉಳಿಸುವುದಲ್ಲ. ಲೆಕ್ಕಕ್ಕೆ ಸಿಗದ ತುಂಡುಗಳನ್ನು ಅದು ಕಿತ್ತು ಬೇರೆ ಹೆಸರಲ್ಲಿ ಹಾಕಬಹುದು, ಬಿಟ್ಟೂ ಬಿಡಬಹುದು. ಕಾಪಿ ಮೊದಲು ಅಂದದ್ದು ಅದಕ್ಕೇ. ಸಿ ಡ್ರೈವ್ ರಿಪೇರಿ ಆದರೆ ರೀಸ್ಟಾರ್ಟ್ ಕೇಳಬಹುದು. ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿಡಿ, ಮಧ್ಯದಲ್ಲಿ ಆಫ್ ಮಾಡಬೇಡಿ.

## ಇಲ್ಲಿ ಕೈ ತೆಗೆಯಿರಿ

ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡುತ್ತಿದ್ದರೆ ಚೆಕ್‌ಡಿಸ್ಕ್ ಕೂಡ ಬೇಡ. ಅದು ಡಿಸ್ಕನ್ನು ಗಂಟೆಗಟ್ಟಲೆ ದುಡಿಸುತ್ತದೆ, ಸಾಯುತ್ತಿರುವ ಡಿಸ್ಕಿಗೆ ಅಷ್ಟು ಶಕ್ತಿ ಇಲ್ಲ. ಆಫ್ ಮಾಡಿ, ಡೇಟಾ ತೆಗೆಯುವವರ ಹತ್ತಿರ ಒಯ್ಯಿರಿ. ಫೈಲ್‌ಗಳ ಹೆಸರಿನ ಕೊನೆಗೆ ಗೊತ್ತಿಲ್ಲದ ಬಾಲ ಸೇರಿ, ಪ್ರತಿ ಫೋಲ್ಡರ್‌ನಲ್ಲೂ ದುಡ್ಡು ಕೇಳುವ ಚೀಟಿ ಇದ್ದರೆ ಅದು ರ‍್ಯಾನ್ಸಮ್‌ವೇರ್. ಏನನ್ನೂ ಅಳಿಸಬೇಡಿ, ಇಂಟರ್ನೆಟ್ ತಂತಿ ಕಿತ್ತು ವೈಫೈ ಆಫ್ ಮಾಡಿ, ಸೈಬರ್ ದೂರಿನ 1930 ಸಂಖ್ಯೆಗೆ ಕರೆ ಮಾಡಿ. "ನಿಮ್ಮ ಕಂಪ್ಯೂಟರಿನ ವೈರಸ್ ಫೈಲ್ ನಾವು ಅಳಿಸಿಕೊಡುತ್ತೇವೆ" ಅಂತ ಯಾರೋ ತಾವಾಗೇ ಫೋನ್ ಮಾಡಿ ಸ್ಕ್ರೀನ್ ಹಂಚಿಕೊಳ್ಳಲು ಹೇಳಿದರೆ ಫೋನ್ ಇಟ್ಟುಬಿಡಿ.

ಅಂಗಡಿಗೆ ಕೊಡುವುದಾದರೆ ಮೂರು ವಿಷಯ ಒಯ್ಯಿರಿ: ಸಂದೇಶದ ಫೋಟೋ, ಫೈಲ್‌ನ ಪೂರ್ತಿ ದಾರಿ, ನೀವು ಈಗಾಗಲೇ ಮಾಡಿ ನೋಡಿದ್ದು. ಫಾರ್ಮ್ಯಾಟ್ ಮಾಡುವ ಮೊದಲು ನನಗೆ ಫೋನ್ ಮಾಡಿ ಅಂತ ರಸೀದಿಯ ಮೇಲೆಯೇ ಬರೆಸಿಕೊಳ್ಳಿ.